ಬಿಲ್ಲು ಮುರಿದ ಮಂತ್ರಿ: ತಾಳಮದ್ದಳೆಯ ವಿದುರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತಾಳಮದ್ದಳೆ ಕೂಟಗಳಲ್ಲಿ ‘ಕೃಷ್ಣ ಸಂಧಾನ’ ಮತ್ತೆ ಮತ್ತೆ ಕೇಳಿಬರುವ ಪ್ರಸಂಗ. ದೇವೀದಾಸ ಕವಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಇದರಲ್ಲಿ ಕೃಷ್ಣ ಮತ್ತು ಕೌರವನ ಪಾತ್ರಗಳಿಗೆ ಹೆಸರಾಂತ ಅರ್ಥಧಾರಿಗಳನ್ನು ಕರೆಸುತ್ತಾರೆ. ವಿದುರನ ಪಾತ್ರ ಹೆಚ್ಚಾಗಿ ಉಳಿದವರ ಪಾಲಿಗೆ ಹೋಗುತ್ತದೆ. ಮನೆಗೆ ಬಂದ ಕೃಷ್ಣನಿಗೆ ಕುಡಿತೆ ಹಾಲು ಕೊಟ್ಟು ಕಣ್ಣೀರು ಸುರಿಸುವ ಮುದಿ ಭಕ್ತನಾಗಿ ಅವನು ಕಾಣಿಸಿಕೊಳ್ಳುತ್ತಾನೆ. ಸಭೆಯಲ್ಲಿ ಎರಡು ಮಾತಾಡಿ ಬಿಲ್ಲು ಮುರಿದು ಎದ್ದುಹೋಗುತ್ತಾನೆ. ಮಹಾಭಾರತದಂಥ ದೊಡ್ಡ ರಾಜಕೀಯ ಕಥನದಲ್ಲಿ ಮೂರು ತಲೆಮಾರು ಆಡಳಿತದ ಒಳಗಿದ್ದು ದುಡಿದ ಮಂತ್ರಿಯೊಬ್ಬನಿಗೆ ಇಷ್ಟು ಸಣ್ಣ ಜಾಗ ಸಾಲದು.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲಿಂದಲೇ ಅದಕ್ಕೆ ಅರ್ಥ ಹೇಳುತ್ತಾನೆ. ಪದ್ಯ ನಾಲ್ಕು ಸಾಲಿನದ್ದಾದರೆ ಅರ್ಥ ಅರ್ಧ ಗಂಟೆಯದ್ದಾಗಬಹುದು. ಆ ಮಾತು ಬರೆದಿಟ್ಟುಕೊಂಡದ್ದಲ್ಲ, ಎದುರು ಪಾತ್ರದ ಮಾತಿಗೆ ಅಲ್ಲಿಯೇ ಹುಟ್ಟಬೇಕು. ಹೀಗಾಗಿ ಪಾತ್ರದ ಅಳತೆ ಪ್ರಸಂಗದ ಪುಸ್ತಕದಲ್ಲಿ ತೀರ್ಮಾನವಾಗುವುದಿಲ್ಲ, ಕೂಟದಲ್ಲಿ ತೀರ್ಮಾನವಾಗುತ್ತದೆ. ವಿದುರ ಚಿಕ್ಕವನಾಗಿ ಉಳಿದಿದ್ದರೆ ಅದರ ಹೊಣೆ ಕವಿಯದ್ದಕ್ಕಿಂತ ಹೆಚ್ಚಾಗಿ ಕೂಟದ ರೂಢಿಯದ್ದು. ಇರುಳಿಡೀ ನಡೆಯುತ್ತಿದ್ದ ಕೂಟಗಳು ಕಾಲಮಿತಿಗೆ ಒಗ್ಗಿದ ಮೇಲೆ ಈ ರೂಢಿ ಇನ್ನಷ್ಟು ಬಿಗಿಯಾಗಿದೆ. ಮೂರು ಗಂಟೆಯೊಳಗೆ ಪ್ರಸಂಗ ಮುಗಿಯಬೇಕೆಂದಾಗ ಕೃಷ್ಣ–ಕೌರವರ ವಾದವನ್ನು ಯಾರೂ ಮೊಟಕು ಮಾಡುವುದಿಲ್ಲ.

ಮೂಲದಲ್ಲಿ ವಿದುರನ ಕೆಲಸ ಬಹಳ ದೊಡ್ಡದು. ವ್ಯಾಸರಿಂದ ದಾಸಿಯಲ್ಲಿ ಹುಟ್ಟಿದ ಅವನು ಧೃತರಾಷ್ಟ್ರ, ಪಾಂಡುಗಳ ತಮ್ಮ. ಕುರುಡುತನ ಧೃತರಾಷ್ಟ್ರನಿಗೆ ಪಟ್ಟ ತಪ್ಪಿಸಿತು, ಹುಟ್ಟು ವಿದುರನಿಗೆ ತಪ್ಪಿಸಿತು. ಅಧಿಕಾರದ ಅತಿ ಹತ್ತಿರ ಕುಳಿತೂ ಅದಕ್ಕೆ ಎಂದೂ ಹಕ್ಕುದಾರನಾಗಲಾರದ ಈ ಸ್ಥಿತಿ ಅವನ ಮುಂದಿನ ನಡೆಗಳಿಗೆಲ್ಲ ತಳಹದಿ. ದುರ್ಯೋಧನ ಹುಟ್ಟಿದಾಗಲೇ, ಕುಲ ಉಳಿಯಬೇಕಾದರೆ ಈ ಒಬ್ಬನನ್ನು ಬಿಡಬೇಕೆಂದು ಅಣ್ಣನಿಗೆ ಹೇಳಿದವನು ಅವನು. ಅದು ನಡೆಯಲಿಲ್ಲ.

ವಾರಣಾವತದ ಅರಗಿನ ಮನೆಯ ಪ್ರಕರಣದಲ್ಲಿ ಅವನ ಕಾರ್ಯಶಕ್ತಿ ಎದ್ದು ಕಾಣುತ್ತದೆ. ಪಾಂಡವರು ಹೊರಡುವಾಗ ಸುತ್ತಲಿದ್ದ ಜನಕ್ಕೆ ತಿಳಿಯದ ಗೂಢ ಮಾತಿನಲ್ಲಿ ಯುಧಿಷ್ಠಿರನಿಗೆ ಬೆಂಕಿಯ ಅಪಾಯದ ಸೂಚನೆ ಕೊಡುತ್ತಾನೆ. ಆಮೇಲೆ ತನ್ನ ನಂಬಿಕೆಯ ಸುರಂಗ ಅಗೆಯುವವನನ್ನು ಕಳಿಸುತ್ತಾನೆ. ದುರ್ಯೋಧನನ ಕಡೆಯ ಪುರೋಚನ ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಬೆಂಕಿ ಇಡಲಿದ್ದಾನೆಂಬ ಸುದ್ದಿಯೂ ಅವನ ಮೂಲಕವೇ ಮುಟ್ಟುತ್ತದೆ. ಪ್ರಚಲಿತ ಪಾಠದಲ್ಲಿ ಗಂಗೆ ದಾಟಿಸುವ ದೋಣಿಯನ್ನು ಸಿದ್ಧಮಾಡಿಸಿದವನೂ ವಿದುರನೇ. ಅರಮನೆಯ ಸಂಬಳದಲ್ಲಿದ್ದುಕೊಂಡು ಅರಮನೆಯ ಸಂಚನ್ನೇ ಮುರಿದ ಈ ಮನುಷ್ಯನಲ್ಲಿ ಧೈರ್ಯವೂ ಇದೆ, ಕಸುಬೂ ಇದೆ. ಭೀಷ್ಮ, ದ್ರೋಣರು ಮರುಗಿದಾಗ ಅವನು ಕೆಲಸ ಮಾಡಿದ.

ದ್ಯೂತದ ಸಭೆಯಲ್ಲೂ ಹಾಗೆಯೇ. ದ್ರೌಪದಿಯನ್ನು ಕರೆತರುವಂತೆ ದುರ್ಯೋಧನ ಮೊದಲು ಆಜ್ಞೆ ಮಾಡಿದ್ದು ವಿದುರನಿಗೆ, ಅವನು ಒಪ್ಪಲಿಲ್ಲ. ಅವಳು ಕೇಳಿದ ಪ್ರಶ್ನೆಗೆ ಉತ್ತರಿಸದೆ ಕುಳಿತ ಸಭಾಸದರಿಗೆ, ಮೌನವೂ ಅಧರ್ಮದಲ್ಲಿ ಪಾಲು ತರುತ್ತದೆಂದು ಪ್ರಹ್ಲಾದ, ವಿರೋಚನ, ಸುಧನ್ವರ ಕಥೆ ಹೇಳಿ ಎಚ್ಚರಿಸಿದ. ವಿಕರ್ಣನನ್ನು ಬಿಟ್ಟರೆ ಆ ದಿನ ಕೌರವರ ಕಡೆಯಿಂದ ನಿಚ್ಚಳವಾಗಿ ಮಾತಾಡಿದವನು ಅವನೊಬ್ಬನೇ. ಪಾಂಡವರು ಹದಿಮೂರು ವರ್ಷ ಹೊರಗಿದ್ದಾಗ ಕುಂತಿ ಉಳಿದದ್ದೂ ಅವನ ಮನೆಯಲ್ಲಿ.

ಇಷ್ಟಾದರೂ ಅವನನ್ನು ನಿರ್ದೋಷಿಯೆಂದು ಎತ್ತಿ ಹಿಡಿಯಲಾಗದು. ದ್ಯೂತ ಬೇಡವೆಂದವನೇ ರಾಜಾಜ್ಞೆಯೆಂದು ಅದರ ಕರೆಯೋಲೆ ಹೊತ್ತು ಇಂದ್ರಪ್ರಸ್ಥಕ್ಕೆ ಹೋದ. ವನಪರ್ವದಲ್ಲಿ ಧೃತರಾಷ್ಟ್ರ ಸಿಟ್ಟಿನಿಂದ ಹೊರಗಟ್ಟಿದಾಗ ಕಾಮ್ಯಕ ವನಕ್ಕೆ ಹೋಗಿ ಪಾಂಡವರನ್ನು ಸೇರಿಕೊಂಡವನು, ಅಣ್ಣ ಪಶ್ಚಾತ್ತಾಪಪಟ್ಟು ಸಂಜಯನನ್ನು ಕಳಿಸಿದೊಡನೆ ಹಿಂದಿರುಗಿದ. ಒಳಗಿದ್ದೇ ತಿದ್ದಬಹುದೆಂಬ ನಂಬಿಕೆ ಅವನನ್ನು ಕಟ್ಟಿಹಾಕಿತ್ತು. ಉದ್ಯೋಗಪರ್ವದಲ್ಲಿ ನಿದ್ದೆ ಬಾರದ ಅರಸನಿಗೆ ಅವನು ಹೇಳುವ ನೀತಿ ಎಂಟು ಅಧ್ಯಾಯಗಳಷ್ಟಿದೆ. ಅರಸ ಎಲ್ಲವನ್ನೂ ಕೇಳಿ, ಒಪ್ಪಿ, ಮಗನ ಎದುರು ಮತ್ತೆ ಮೆತ್ತಗಾಗುತ್ತಾನೆ. ಅದೇ ಇರುಳು, ಬ್ರಹ್ಮವಿದ್ಯೆಯ ಮಾತು ಬಂದಾಗ ತನ್ನ ಹುಟ್ಟಿನ ಕಾರಣ ಕೊಟ್ಟು ವಿದುರ ಸುಮ್ಮನಾಗುತ್ತಾನೆ, ಸನತ್ಸುಜಾತ ಮುನಿಯನ್ನು ಕರೆಯುತ್ತಾನೆ. ಎಲ್ಲರಿಗಿಂತ ಹೆಚ್ಚು ತಿಳಿದವನು ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಳ್ಳುವ ಈ ಗಳಿಗೆ ಇಡೀ ಕಾವ್ಯದಲ್ಲೇ ಮನಸ್ಸು ಕಲಕುವಂಥದ್ದು. ಅರ್ಥಧಾರಿಗಳು ಇದನ್ನು ಅಪರೂಪಕ್ಕೂ ಮುಟ್ಟದಿರುವುದು ದೊಡ್ಡ ನಷ್ಟ.

ಆಡಳಿತದ ಒಳಗಿದ್ದು ಅದರ ವಿರುದ್ಧ ಕೆಲಸ ಮಾಡುವ ಇಂಥ ವ್ಯಕ್ತಿಗಳು ಬೇರೆಡೆಯ ದೊಡ್ಡ ಕಥನಗಳಲ್ಲೂ ಇದ್ದಾರೆ. ‘ಸ್ಟಾರ್ ವಾರ್ಸ್’ ಚಿತ್ರಸರಣಿಯ ಬೇಲ್ ಆರ್ಗಾನಾ ಸಾಮ್ರಾಟನ ಸೆನೆಟ್ಟಿನಲ್ಲಿ ಕುಳಿತೇ ಬಂಡಾಯಕ್ಕೆ ನೆರವಾಗುತ್ತಾನೆ, ಶತ್ರುವಿನ ಮಗಳನ್ನು ತನ್ನ ಮನೆಯಲ್ಲಿ ಬೆಳೆಸುತ್ತಾನೆ. ಖಡ್ಗ ಹಿಡಿದವರ ಗದ್ದಲದಲ್ಲಿ ಅಲ್ಲಿಯೂ ಅವನನ್ನು ನೋಡುಗರು ಬೇಗ ಮರೆಯುತ್ತಾರೆ. ವಿದುರನಿಗೆ ಅವನಿಗಿಲ್ಲದ ಒಂದು ಭಾರವಿದೆ: ಸಭೆಯಲ್ಲಿ ಎದುರಾಳಿ ಯಾವಾಗ ಬೇಕಾದರೂ ‘ದಾಸೀಪುತ್ರ’ ಎನ್ನಬಹುದು.

ಬಿಲ್ಲು ಮುರಿಯುವ ಸನ್ನಿವೇಶದ ಕಥೆಯೇ ಸ್ವಾರಸ್ಯದ್ದು. ಭಾಗವತದ ಮೂರನೆಯ ಸ್ಕಂಧದಲ್ಲಿ ದುರ್ಯೋಧನನಿಂದ ಅವಮಾನಿತನಾದ ವಿದುರ ಬಿಲ್ಲನ್ನು ಬಾಗಿಲಲ್ಲಿಟ್ಟು ತೀರ್ಥಯಾತ್ರೆಗೆ ಹೊರಟುಹೋಗುತ್ತಾನೆ. ಕುಮಾರವ್ಯಾಸನಲ್ಲಿ ಅದು ತುಂಬಿದ ಸಭೆಯ ನಡುವೆ ಬಿಲ್ಲು ಮುರಿಯುವ ಉಗ್ರ ಪ್ರತಿಭಟನೆ. ಯಕ್ಷಗಾನಕ್ಕೆ ಬಂದದ್ದು ಈ ರೂಪ. ವಿದುರನ ಕೈಯಲ್ಲಿ ಬಿಲ್ಲಿದ್ದರೆ ಕೌರವರು ಸೋಲುವುದಿಲ್ಲ, ಆದ್ದರಿಂದ ಅವಮಾನಕ್ಕೆ ದಾರಿಯಾಗಲೆಂದೇ ಕೃಷ್ಣ ಅವನ ಮನೆಯಲ್ಲಿ ಉಳಿದ ಎಂಬ ವ್ಯಾಖ್ಯಾನ ಕೂಟಗಳಲ್ಲಿ ಜನಪ್ರಿಯ. ಕೃಷ್ಣನ ಚಾತುರ್ಯ ಮೆರೆಸಲು ಅದು ಒಳ್ಳೆಯ ಉಪಾಯ. ವಿದುರನಿಗೆ ಮಾತ್ರ ಅದು ಅನ್ಯಾಯ ಮಾಡುತ್ತದೆ. ಬದುಕಿಡೀ ಹಿಂದಿರುಗಿದವನು ಈ ಸಲ ಹಿಂದಿರುಗದಂತೆ ತಾನೇ ದಾರಿ ಮುಚ್ಚಿಕೊಂಡ ನಿರ್ಧಾರವನ್ನು ಆ ವ್ಯಾಖ್ಯಾನ ಬೇರೊಬ್ಬರ ತಂತ್ರವಾಗಿಸಿಬಿಡುತ್ತದೆ. ಸುರಂಗದಿಂದ, ನೀತಿಯಿಂದ, ಬೇಡಿಕೆಯಿಂದ ಆಗದ್ದನ್ನು ಕಂಡ ಮಂತ್ರಿ ತನ್ನ ಸೇವೆಯನ್ನೇ ಹಿಂದಕ್ಕೆ ಪಡೆದ ಎಂದು ಓದಿದರೆ ಬಿಲ್ಲಿನ ಸದ್ದಿಗೆ ತೂಕ ಬರುತ್ತದೆ.

ಇಂಥ ಓದಿಗೆ ಬೇಕಾದ ವಿದ್ವತ್ತು ಈ ಮೂರು ತಾಲ್ಲೂಕುಗಳ ಸುತ್ತ ಧಾರಾಳವಾಗಿದೆ. ಹೊಸ್ತೋಟ ಮಂಜುನಾಥ ಭಾಗವತರು ಪ್ರಸಂಗ ಬರೆದು ಶಿಷ್ಯರನ್ನು ಬೆಳೆಸಿದ ನೆಲ ಇದು. ನೆಬ್ಬೂರು ನಾರಾಯಣ ಭಾಗವತರ ಹಾಡಿಗೆ ಕಿವಿ ಹದಗೊಂಡ ನೆಲ. ಸಿದ್ದಾಪುರದ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ.ಎ. ಹೆಗಡೆ ದಂಟ್ಕಲ್ ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾದರು. ಉಮಾಕಾಂತ ಭಟ್ಟ ಕೆರೇಕೈ ಅವರಂಥ ಶಾಸ್ತ್ರಜ್ಞರು ಅರ್ಥ ಹೇಳುತ್ತಾರೆ. ವ್ಯಾಸಭಾರತ, ಕುಮಾರವ್ಯಾಸ, ಭಾಗವತ ಮೂರನ್ನೂ ಎದುರಿಗಿಟ್ಟುಕೊಂಡು ಪಾತ್ರ ಕಟ್ಟುವ ಶಕ್ತಿ ಇಲ್ಲಿನ ಕೂಟಗಳಿಗಿದೆ, ತೂಗಿ ನೋಡುವ ಕೇಳುಗರೂ ಇದ್ದಾರೆ.

ಹಾಲಿನ ಸನ್ನಿವೇಶವನ್ನು ಕೈಬಿಡಬೇಕಾಗಿಲ್ಲ. ಭಕ್ತಿ ವಿದುರನ ನಿಜವಾದ ಗುಣ. ಅದರ ಪಕ್ಕದಲ್ಲಿ ವಾರಣಾವತದ ನೆನಪು, ದ್ಯೂತದ ಕರೆಯೋಲೆ ಹೊತ್ತ ಅಳಲು, ಕಾಮ್ಯಕದಿಂದ ಮರಳಿದ ಪ್ರಶ್ನೆ ಇವು ಪೀಠಿಕೆಯಲ್ಲಿ ಬರಬೇಕು. ಕೌರವನ ಅರ್ಥಧಾರಿಯೂ ಬರಿಯ ಬೈಗುಳಕ್ಕೆ ನಿಲ್ಲದೆ, ಅನ್ನ ಉಂಡ ಮನೆಗೆ ಎರಡು ಬಗೆಯುವುದು ಯಾವ ನೀತಿ ಎಂದು ಗಟ್ಟಿಯಾಗಿ ಕೇಳಬೇಕು. ಅದಕ್ಕೆ ವಿದುರ ಉತ್ತರ ಕೊಡಬೇಕು. ಕೂಟ ಏರ್ಪಡಿಸುವವರು ಒಮ್ಮೆಯಾದರೂ ವಿದುರನ ಪಾತ್ರವನ್ನು ಮೊದಲ ಸಾಲಿನ ಅರ್ಥಧಾರಿಗೆ ಒಪ್ಪಿಸಿ, ಬಿಲ್ಲು ಮುರಿಯುವ ಪದ್ಯಕ್ಕೆ ಅರ್ಧ ಗಂಟೆ ಬಿಟ್ಟುಕೊಡಲಿ.