ಛಾಯಾಚಿತ್ರದಲ್ಲಿ ಮಿಶ್ರವಸ್ತು

ನಾಟಕದ ಇತಿವೃತ್ತವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸುವ ಧನಂಜಯನ ಕ್ರಮವು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಕವಿಯು ಪ್ರಸಿದ್ಧವಾದ ಕಥೆಯೊಡನೆ ತನ್ನ ಕಲ್ಪನೆಯನ್ನು ಬೆರೆಸಿದರೆ ಯಾರೂ ಅವನನ್ನು ಸುಳ್ಳುಗಾರನೆನ್ನುವುದಿಲ್ಲ. ಛಾಯಾಗ್ರಾಹಕನು ಹಾಗೆ ಮಾಡಿದರೆ ಮಾತ್ರ ನಾವು ಬೆಚ್ಚುತ್ತೇವೆ. ಏಕೆಂದರೆ ಛಾಯಾಚಿತ್ರವನ್ನು ನಾವು ಕಾವ್ಯವೆಂದಲ್ಲ, ಸಾಕ್ಷ್ಯವೆಂದು ಗ್ರಹಿಸುತ್ತೇವೆ. ಈ ನಂಬಿಕೆಯನ್ನೇ ಒರೆಗೆ ಹಚ್ಚಿದ ಕೃತಿ, ಸ್ಪೇನಿನ ಕ್ರಿಸ್ತಿನಾ ದೆ ಮಿದೆಲ್ ಅವರು 2012ರಲ್ಲಿ ಸ್ವತಃ ಪ್ರಕಟಿಸಿದ ‘ದಿ ಆಫ್ರೊನಾಟ್ಸ್’ ಎಂಬ ಚಿತ್ರಗ್ರಂಥ.

ಇದರ ಬೀಜವು ಚಾರಿತ್ರಿಕವಾದುದು. 1964ರಲ್ಲಿ, ಜಾಂಬಿಯಾ ಸ್ವತಂತ್ರವಾದ ಹೊತ್ತಿನಲ್ಲಿ, ಎಡ್ವರ್ಡ್ ಮಕೂಕಾ ಎನ್‌ಕೊಲೊಸೊ ಎಂಬ ಉಪಾಧ್ಯಾಯರು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳಿಗಿಂತ ಮೊದಲೇ ತಮ್ಮ ನಾಡಿನವರನ್ನು ಚಂದ್ರನಲ್ಲಿಗೆ ಕಳುಹಿಸುವುದಾಗಿ ಸಾರಿದರು. ಅಭ್ಯರ್ಥಿಗಳನ್ನು ಎಣ್ಣೆಯ ಪೀಪಾಯಿಗಳಲ್ಲಿ ಕೂರಿಸಿ ಗುಡ್ಡದಿಂದ ಉರುಳಿಸುವುದೂ ತರಬೇತಿಯ ಭಾಗವಾಗಿತ್ತು. ಬೇಡಿದ ಧನವು ದೊರೆಯದೆ ಯೋಜನೆಯು ನಿಂತುಹೋಯಿತು. ಸುಮಾರು ಹತ್ತು ವರ್ಷ ಪತ್ರಿಕೆಗಳಿಗಾಗಿ ಚಿತ್ರ ತೆಗೆದ ದೆ ಮಿದೆಲ್ ಅವರು, ಅರ್ಧ ಶತಮಾನದ ತರುವಾಯ, ಈ ಪ್ರಸಂಗವನ್ನು ಬಹುಮಟ್ಟಿಗೆ ಸ್ಪೇನಿನಲ್ಲಿಯೇ ವೇಷ ಕಟ್ಟಿಸಿ ಚಿತ್ರಿಸಿದರು. ಅಚ್ಚಿನ ಬಟ್ಟೆಯಿಂದ ಯಾತ್ರಿಕರ ಉಡುಪನ್ನು ಹೊಲಿದವರು ಅವರ ಅಜ್ಜಿ.

ಚಿತ್ರಗಳ ನಡುವೆ ಹಳೆಯ ಕಾಗದಪತ್ರಗಳಂತೆ ತೋರುವ ಪುಟಗಳೂ ಇವೆ. ಓದುಗನು ಮೊದಲು ನಂಬುತ್ತಾನೆ. ಬಳಿಕ ಗಾಜಿನ ಗುಂಡಿನಂಥ ಶಿರಸ್ತ್ರಾಣವನ್ನೂ ಆ ಉಡುಪನ್ನೂ ಕಂಡು ಸಂಶಯಪಡುತ್ತಾನೆ. ಕೊನೆಗೆ, ತಾನು ಇಷ್ಟು ಸುಲಭವಾಗಿ ನಂಬಿದ್ದೇಕೆಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಕ್ಷಾಮ, ಯುದ್ಧ, ರೋಗಗಳ ಆಫ್ರಿಕವನ್ನು ಪತ್ರಿಕೆಗಳಲ್ಲಿ ಕಂಡಾಗ ಈ ಪ್ರಶ್ನೆಯನ್ನು ಅವನು ಕೇಳಿಕೊಂಡಿರಲಿಲ್ಲ. ಹೊಲಿಗೆಯನ್ನು ಮರೆಸದೆ ತೋರಿಸುವುದರಿಂದಲೇ ಇಲ್ಲಿಯ ಕಲ್ಪನೆಯು ವಂಚನೆಯಾಗುವುದಿಲ್ಲ.

ಆದರೆ ಮಿಶ್ರವಸ್ತುವಿಗೆ ಔಚಿತ್ಯವೇ ಒರೆಗಲ್ಲು. ಎನ್‌ಕೊಲೊಸೊ ಬರಿಯ ಕನಸುಗಾರರಲ್ಲ; ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿ ಸೆರೆಮನೆ ಕಂಡವರು. ಜಾಂಬಿಯಾದ ಲೇಖಕಿ ನಾಮ್ವಾಲಿ ಸರ್ಪೆಲ್ ಅವರು 2017ರ ಲೇಖನವೊಂದರಲ್ಲಿ ಈ ಹೋರಾಟದ ಬದುಕನ್ನು ವಿವರಿಸಿ, ಅಂತರಿಕ್ಷದ ಮಾತಿನಲ್ಲಿ ವಿಡಂಬನೆಯೂ ಅಡಗಿದ್ದಿರಬಹುದೆಂಬ ವಿಚಾರವನ್ನು ಮುಂದಿಟ್ಟಿದ್ದಾರೆ. ಹಾಗಿದ್ದರೆ ಅಂದು ನಕ್ಕ ಪರದೇಶದ ವರದಿಗಾರರೇ ನಗೆಗೆ ಈಡಾದವರು; ಚಿತ್ರಕ್ಕೆ ಮೊದಲೇ ಚರಿತ್ರೆಯೇ ವೇಷ ಧರಿಸಿತ್ತು. ದೆ ಮಿದೆಲ್ ಅವರ ಪುಟಗಳಲ್ಲಿ ಕನಸುಗಾರನು ಮುಂದೆ ನಿಲ್ಲುತ್ತಾನೆ, ಹೋರಾಟಗಾರನು ಹಿಂದೆ ಸರಿಯುತ್ತಾನೆ.

ಆದುದರಿಂದ ಈ ಕೃತಿಯ ಕೊರತೆಯು ಅದರ ಉತ್ಪಾದ್ಯಾಂಶದಲ್ಲಿಲ್ಲ, ಪ್ರಖ್ಯಾತಾಂಶದಲ್ಲಿದೆ. ಕಲ್ಪಿಸುವ ಹಕ್ಕು ಛಾಯಾಗ್ರಾಹಕನಿಗೂ ಉಂಟು. ಆದರೆ ಬದುಕಿ ಬಾಳಿದ ವ್ಯಕ್ತಿಯ ಹೆಸರನ್ನು ಎತ್ತಿಕೊಂಡ ಮೇಲೆ, ಅವನ ಪೂರ್ಣ ಚರಿತ್ರೆಯ ಋಣವನ್ನೂ ಹೊರಬೇಕಾಗುತ್ತದೆ.