ಆಲ್ಬರ್ಟನ ಭಯ: ಒಂದು ಪ್ರಯೋಗದ ಮರುಪರಿಶೀಲನೆ

ಅಪಾಯದ ಪ್ರಮಾಣವನ್ನು ಮೀರಿ ಮನುಷ್ಯನನ್ನು ಕಾಡುವ ಭೀತಿ, ಅಂದರೆ ಫೋಬಿಯಾ, ಕಲಿಕೆಯಿಂದಲೂ ಹುಟ್ಟಬಲ್ಲದು ಎಂಬ ವಾದಕ್ಕೆ ಜಾನ್ ಬಿ. ವಾಟ್ಸನ್ ಮತ್ತು ರೋಸಲೀ ರೇನರ್ 1920ರಲ್ಲಿ ಪ್ರಕಟಿಸಿದ ‘ಪುಟ್ಟ ಆಲ್ಬರ್ಟ್’ ಪ್ರಯೋಗವನ್ನು ಇಂದಿಗೂ ಮೊದಲ ಸಾಕ್ಷಿಯಾಗಿ ಮುಂದಿಡಲಾಗುತ್ತದೆ. ಆದರೆ ಮೂಲ ವರದಿಯನ್ನು ಓದಿದಾಗ ಆ ಸಾಕ್ಷಿಯ ಬಲ ಅದರ ಖ್ಯಾತಿಗೆ ತಕ್ಕಷ್ಟಿಲ್ಲವೆಂಬುದು ತಿಳಿಯುತ್ತದೆ.

ಆಹಾರದ ಜೊತೆಜೊತೆಗೇ ಮತ್ತೆ ಮತ್ತೆ ಕೇಳಿಸಿದ ಸದ್ದಿಗೆ ನಾಯಿ ಕ್ರಮೇಣ ಜೊಲ್ಲು ಸುರಿಸತೊಡಗುವುದನ್ನು ಪಾವ್ಲೋವ್ ತೋರಿಸಿದ್ದರು. ತನ್ನಷ್ಟಕ್ಕೆ ಪರಿಣಾಮವಿಲ್ಲದ ಉದ್ದೀಪನವೊಂದು ಹೀಗೆ ಸಹಜ ಉದ್ದೀಪನದ ಸಹವಾಸದಿಂದ ಅದರ ಶಕ್ತಿಯನ್ನು ಪಡೆಯುವುದೇ ಶಾಸ್ತ್ರೀಯ ಅನುಬಂಧನ. ವಾಟ್ಸನ್ ಇದನ್ನು ಭಯಕ್ಕೆ ಅನ್ವಯಿಸಿದರು. ಬಿಳಿ ಇಲಿಗೆ ಅಂಜದಿದ್ದ ಹನ್ನೊಂದು ತಿಂಗಳ ಮಗು ಅದರತ್ತ ಕೈಚಾಚಿದಾಗ ಬೆನ್ನ ಹಿಂದೆ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಡಿಯಲಾಯಿತು; ಒಂದು ವಾರದ ಅಂತರದ ಎರಡು ದಿನಗಳಲ್ಲಿ ಒಟ್ಟು ಏಳು ಬಾರಿ ಹೀಗಾದ ಮೇಲೆ ಇಲಿ ಕಂಡೊಡನೆ ಮಗು ಅತ್ತು, ತೆವಳಿ ದೂರ ಸರಿಯಿತು. ಮುಂದೆ ಮೊಲ, ನಾಯಿ, ತುಪ್ಪಳದ ಕೋಟುಗಳಿಗೂ ಅದು ಬೆದರಿತೆಂದೂ, ಆಟದ ಮರದ ತುಂಡುಗಳಿಗೆ ಬೆದರಲಿಲ್ಲವೆಂದೂ ವರದಿ ಹೇಳುತ್ತದೆ. ಭಯ ಹೀಗೆ ಹೋಲುವ ವಸ್ತುಗಳಿಗೆ ಹರಡುವುದನ್ನು ಸಾಮಾನ್ಯೀಕರಣ ಎನ್ನುತ್ತಾರೆ.

ಪಠ್ಯಪುಸ್ತಕಗಳ ಕಥನ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ವರದಿ ಮಾತ್ರ ಮುಗಿಯುವುದಿಲ್ಲ. ಕೆಲವೇ ದಿನಗಳಲ್ಲಿ ಭಯ ಮಂಕಾದುದರಿಂದ ಪ್ರಯೋಗಕಾರರು ಮತ್ತೆ ಸರಳು ಬಡಿದು ಅದನ್ನು ಚುರುಕುಗೊಳಿಸಿದರು. ಮೊಲ ಮತ್ತು ನಾಯಿಯೊಂದಿಗೂ ನೇರವಾಗಿ ಆ ಸದ್ದನ್ನು ಜೋಡಿಸಿದ್ದರಿಂದ ಅನಂತರದ ಭಯದಲ್ಲಿ ಹರಡಿದ್ದೆಷ್ಟು, ಹೊಸದಾಗಿ ಕಲಿತದ್ದೆಷ್ಟು ಎಂದು ಬೇರ್ಪಡಿಸುವ ದಾರಿಯೇ ಮುಚ್ಚಿಹೋಯಿತು. ಹೆಬ್ಬೆರಳು ಬಾಯಲ್ಲಿರುವಾಗ ಮಗು ಹೆದರುತ್ತಲೇ ಇರಲಿಲ್ಲವಾದ್ದರಿಂದ, ಚಲನಚಿತ್ರ ತೆಗೆಯುವಾಗ ಪದೇ ಪದೇ ಬೆರಳನ್ನು ಹೊರಗೆಳೆಯಬೇಕಾಯಿತೆಂದೂ ಅವರೇ ಬರೆದಿದ್ದಾರೆ. ಹೆಬ್ಬೆರಳಿಗೆ ಸೋಲುವ ಈ ಅಂಜಿಕೆಯನ್ನು ಫೋಬಿಯಾ ಎನ್ನುವುದು ಕಷ್ಟ. ಒಂದೇ ಮಗು, ಹೋಲಿಕೆಗೆ ಮತ್ತೊಂದಿಲ್ಲ, ಅಳತೆಗೋಲು ಪ್ರಯೋಗಕಾರರ ಕಣ್ಣೇ. ಮುಂದೊಂದು ದಿನ ಫ್ರಾಯ್ಡ್ ಪಂಥದವರು ಆಲ್ಬರ್ಟನ ಕೋಟಿನ ಭಯಕ್ಕೆ ಕನಸುಗಳಲ್ಲಿ ಅರ್ಥ ಹುಡುಕುವರೆಂದು ಹಾಸ್ಯ ಮಾಡಿದ ಲೇಖಕರು ಆ ಕಟುತ್ವವನ್ನು ತಮ್ಮ ಪುರಾವೆಯ ಕಡೆಗೂ ತಿರುಗಿಸಬಹುದಿತ್ತು.

ಎಲ್ಸಿ ಬ್ರೆಗ್ಮನ್ 1934ರಲ್ಲಿ ನಿರ್ಜೀವ ವಸ್ತುಗಳನ್ನು ದೊಡ್ಡ ಸದ್ದಿನೊಂದಿಗೆ ಜೋಡಿಸಿ ಶಿಶುಗಳಲ್ಲಿ ಭಯ ಹುಟ್ಟಿಸಲು ಯತ್ನಿಸಿ ವಿಫಲರಾದರು. ಯಾವ ವಸ್ತುವಿಗಾದರೂ ಭಯವನ್ನು ಅಂಟಿಸಬಹುದೆಂಬ ಊಹೆಗೆ ಇದು ದೊಡ್ಡ ಪೆಟ್ಟು. ಹಾವು, ಜೇಡಗಳಂಥವುಗಳಿಗೆ ಅಂಜಲು ಜೀವವಿಕಾಸವೇ ಮನುಷ್ಯನನ್ನು ಅಣಿಗೊಳಿಸಿದೆಯೆಂದು 1971ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ವಾದಿಸಿದರೆ, ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳು ಇನ್ನೊಂದು ಕೋತಿಯ ಹೆದರಿಕೆಯನ್ನು ವಿಡಿಯೋದಲ್ಲಿ ನೋಡಿಯೇ ಹಾವಿಗೆ ಅಂಜಲು ಕಲಿತವು, ಹೂವಿಗೆ ಕಲಿಯಲಿಲ್ಲ ಎಂದು ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ ತೋರಿಸಿದರು. ಭಯಕ್ಕೆ ಸ್ವಂತ ಆಘಾತವೇ ಬೇಕೆಂದಿಲ್ಲವೆಂಬುದೂ ಇದರಿಂದ ಸ್ಪಷ್ಟವಾಯಿತು.

ಮಗು ತಾನಿದ್ದ ಆಸ್ಪತ್ರೆಯನ್ನು ಬಿಟ್ಟುಹೋದುದರಿಂದ ಭಯವನ್ನು ನಿವಾರಿಸುವ ಅವಕಾಶ ತಪ್ಪಿತೆಂದು ವಾಟ್ಸನ್ ಬರೆದರೂ, ಅದರ ನಿರ್ಗಮನ ಒಂದು ತಿಂಗಳ ಮೊದಲೇ ಅವರಿಗೆ ತಿಳಿದಿತ್ತೆಂದು ಬೆನ್ ಹ್ಯಾರಿಸ್ 1979ರಲ್ಲಿ ಎತ್ತಿ ತೋರಿಸಿದರು. ವಾಟ್ಸನ್ ಮಾಡದೆ ಬಿಟ್ಟದ್ದನ್ನು 1924ರಲ್ಲಿ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಬಾಲಕನಲ್ಲಿ ಮಾಡಿದರು: ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದಿನದಿಂದ ದಿನಕ್ಕೆ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟಿ ಆಡುವಂತಾಯಿತು. ಇದೂ ಒಬ್ಬನೇ ಬಾಲಕನ ಅಧ್ಯಯನವೇ ಆದರೂ, ಮುಂದೆ ಜೋಸೆಫ್ ವೋಲ್ಪೆ ರೂಪಿಸಿದ ಕ್ರಮಬದ್ಧ ಭಯನಿವಾರಣೆಯ ಚಿಕಿತ್ಸೆಯಲ್ಲಿ ಕಾಣುವುದು ಸುತ್ತಿಗೆಯ ಪ್ರಯೋಗಕ್ಕಿಂತ ಹೆಚ್ಚಾಗಿ ಜೋನ್ಸ್ ಅವರ ಈ ವಿಧಾನದ ಗುರುತೇ.