ರಹೀಮ್ ಆರಿಸಿದ ತಂಡಗಳು: ಹೈದರಾಬಾದಿನ ಫುಟ್‌ಬಾಲ್ ಮತ್ತು ರಾಷ್ಟ್ರೀಯ ಆಯ್ಕೆಯ ವಿವೇಕ

ದೊಡ್ಡ ಪಂದ್ಯಾವಳಿಯೊಂದಕ್ಕೆ ರಾಷ್ಟ್ರೀಯ ತಂಡವನ್ನು ಆರಿಸುವ ಕೆಲಸವನ್ನು ಸಾಮಾನ್ಯವಾಗಿ ಅದರ ಫಲಿತಾಂಶದಿಂದಲೇ ಅಳೆಯಲಾಗುತ್ತದೆ. ಗೆದ್ದರೆ ಆಯ್ಕೆ ಸರಿಯಾಗಿತ್ತೆಂದೂ ಸೋತರೆ ತಪ್ಪಾಗಿತ್ತೆಂದೂ ತೀರ್ಮಾನಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ಆಯ್ಕೆಯೂ ಒಂದು ಸ್ವತಂತ್ರ ವಿದ್ಯೆ, ಅದಕ್ಕೆ ತನ್ನದೇ ಆದ ತರ್ಕ ಮತ್ತು ಶಿಸ್ತುಗಳಿವೆ ಎಂದು ಒಪ್ಪಿಕೊಂಡರೆ, ಭಾರತದ ಕ್ರೀಡಾ ಚರಿತ್ರೆಯಲ್ಲಿ ವಿಮರ್ಶೆಗೆ ಅತ್ಯಂತ ಯೋಗ್ಯವಾದ ಉದಾಹರಣೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರದು. 1909ರಲ್ಲಿ ಹುಟ್ಟಿ, ಅಧ್ಯಾಪಕರಾಗಿ ದುಡಿದು, 1950ರ ದಶಕದ ಆರಂಭದಿಂದ 1962ರವರೆಗಿನ ಭಾರತೀಯ ಫುಟ್‌ಬಾಲಿನ ಮುಖ್ಯ ತಂಡಗಳನ್ನು ರೂಪಿಸಿದ ಈ ತರಬೇತುದಾರರ ಹಿರಿಮೆ ಇರುವುದು, ಆಯ್ಕೆ ಶಿಬಿರ ಆರಂಭವಾಗುವುದಕ್ಕೆ ವರ್ಷಗಳ ಮೊದಲೇ ಅವರು ಆಯ್ಕೆಗೆ ಬೇಕಾದ ನೆಲವನ್ನು ಹದಗೊಳಿಸಿದ್ದರಲ್ಲಿ. ಅವರ ಪದ್ಧತಿಯ ಮಿತಿಯೂ ಅಲ್ಲಿಯೇ ಇದೆ: ಆ ತಿಳಿವಳಿಕೆ ಒಬ್ಬ ವ್ಯಕ್ತಿಯಲ್ಲಿ ನೆಲೆಸಿತ್ತೇ ಹೊರತು, ಅವರ ನಂತರವೂ ಅದನ್ನು ಮುಂದುವರಿಸಬಲ್ಲ ಸಂಸ್ಥೆಯೊಂದರ ಆಸ್ತಿಯಾಗಲಿಲ್ಲ.

ರಹೀಮ್ ಕೈಗೆ ಬಂದ ಫುಟ್‌ಬಾಲಿನಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್‌ಗೆ 2-1ರಿಂದ ಸೋತಾಗ, ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಿಕ್ಕಿದ ಎರಡು ಪೆನಾಲ್ಟಿಗಳು ವ್ಯರ್ಥವಾಗದಿದ್ದರೆ ಆ ಪಂದ್ಯವೇ ಭಾರತದ ಕಡೆಗೆ ತಿರುಗುತ್ತಿತ್ತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮ್ ತರಬೇತಿಯ ತಂಡ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಆದರೆ ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅದೇ ತರಬೇತುದಾರರ ತಂಡ ಯುಗೊಸ್ಲಾವಿಯಾದ ಎದುರು 10-1ರಿಂದ ಕುಸಿಯಿತು. ಭಾರತದ ಆ ಒಂದು ಗೋಲು ಕೂಡ ಬೆಂಗಳೂರಿನ ಅಹ್ಮದ್ ಖಾನ್ ಅವರ ಕಾಲಿನಿಂದಲೇ ಬಂದಿತ್ತು. ಈ ಸೋಲಿನ ನಂತರ ಬೂಟು ಕಡ್ಡಾಯವಾಯಿತೆಂಬ ಸಂಗತಿ ಎಲ್ಲರ ನೆನಪಿನಲ್ಲಿ ಉಳಿದಿದೆಯಾದರೂ, ಸೋಲಿನ ಬೇರು ಅದಕ್ಕಿಂತ ಆಳದಲ್ಲಿತ್ತು. ದೇಶದೊಳಗಿನ ಪಂದ್ಯಗಳು ಆಗ 70 ನಿಮಿಷಗಳವಾಗಿದ್ದರೆ ಅಂತಾರಾಷ್ಟ್ರೀಯ ಪಂದ್ಯ 90 ನಿಮಿಷಗಳದ್ದಾಗಿತ್ತು. ಚೆಂಡನ್ನು ಕಾಲಿಗಂಟಿಸಿಕೊಂಡು ಒಬ್ಬೊಬ್ಬರನ್ನೇ ದಾಟಿ ಮುನ್ನುಗ್ಗುವ ಡ್ರಿಬ್ಲಿಂಗ್‌ಗೆ ಪ್ರೇಕ್ಷಕರ ಚಪ್ಪಾಳೆಯಿತ್ತು, ಚೆಂಡನ್ನು ತಕ್ಷಣ ಜೊತೆಗಾರನಿಗೆ ದಾಟಿಸುವ ಆಟಕ್ಕೆ ಅಷ್ಟು ಮನ್ನಣೆಯಿರಲಿಲ್ಲ. ಕಲ್ಕತ್ತಾ, ಬೊಂಬಾಯಿ, ಬೆಂಗಳೂರು, ಮದ್ರಾಸು, ಹೈದರಾಬಾದುಗಳಿಂದ ಹೆಸರಾಂತರನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ತಂಡವಾಗುವುದಿಲ್ಲವೆಂಬುದನ್ನು ಹೆಲ್ಸಿಂಕಿ ಬಹಳ ದುಬಾರಿ ಬೆಲೆಗೆ ಕಲಿಸಿತು.

ಈ ಪಾಠಕ್ಕೆ ಉತ್ತರ ಸಿದ್ಧವಾಗುತ್ತಿದ್ದುದು ಹೈದರಾಬಾದಿನ ಮೈದಾನಗಳಲ್ಲಿ. ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ರಹೀಮ್ ನಡೆಸಿದ ಸ್ಥಳೀಯ ಪಂದ್ಯಾವಳಿಗಳ ನಿಯಮಗಳನ್ನು ನೋಡಿದರೆ ಅವರ ಆಯ್ಕೆಯ ಮೂಲತತ್ತ್ವ ಸ್ಪಷ್ಟವಾಗುತ್ತದೆ. ಕೆಲವು ಪಂದ್ಯಾವಳಿಗಳಲ್ಲಿ ಡ್ರಿಬ್ಲಿಂಗ್‌ಗೆ ನಿಷೇಧವಿತ್ತು. ಚೆಂಡು ಬಂದೊಡನೆ ಅದನ್ನು ಮತ್ತೊಬ್ಬರಿಗೆ ಕೊಡಲೇಬೇಕಿತ್ತು. ಇನ್ನು ಕೆಲವದರಲ್ಲಿ ಆಟಗಾರ ತನ್ನ ಬಲಹೀನ ಕಾಲನ್ನೇ ಬಳಸಬೇಕಿತ್ತು. ಬಲಗಾಲಿನವನು ಎಡಗಾಲಿನಲ್ಲೇ ಚೆಂಡನ್ನು ತಡೆದು, ಎಡಗಾಲಿನಲ್ಲೇ ಒದ್ದು, ಎಡಗಾಲಿನಲ್ಲೇ ಗೋಲು ಹುಡುಕಬೇಕಿತ್ತು. ಹೀಗೆ ಬೆಳೆದ ಹುಡುಗ ರಾಷ್ಟ್ರೀಯ ಶಿಬಿರಕ್ಕೆ ಬರುವ ಹೊತ್ತಿಗೆ ಎರಡೂ ಕಾಲುಗಳಿಂದ ಆಡಬಲ್ಲವನೂ ಚೆಂಡನ್ನು ಬೇಗ ಬಿಟ್ಟುಕೊಡುವ ಅಭ್ಯಾಸವಿದ್ದವನೂ ಆಗಿರುತ್ತಿದ್ದ. ಆಯ್ಕೆಗಾರ ಇದ್ದುದರಲ್ಲಿ ಉತ್ತಮರನ್ನು ಹೆಕ್ಕುವವನೆಂಬುದು ಸಾಮಾನ್ಯ ನಂಬಿಕೆ. ರಹೀಮ್ ತಮಗೆ ಬೇಕಾದ ಗುಣಗಳೇ ಮೈಗೂಡುವಂತಹ ಸ್ಪರ್ಧೆಗಳನ್ನು ಮೊದಲು ಕಟ್ಟಿ, ಆಮೇಲೆ ಅದರ ಫಲವನ್ನು ಆರಿಸಿದರು. 1950ರಿಂದ ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ, ಬೊಂಬಾಯಿಯ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಬಾರಿ ಗೆದ್ದದ್ದು ಈ ಪದ್ಧತಿಗೆ ಸಿಕ್ಕ ಮೊದಲ ಪ್ರಮಾಣಪತ್ರ.

ಪ್ರತಿಭೆಯನ್ನು ಗುರುತಿಸುವುದರಲ್ಲಿ ಅವರಿಗಿದ್ದ ಕಾಳಜಿಗೆ ತುಳಸೀದಾಸ್ ಬಲರಾಮ್ ಪ್ರಸಂಗ ಸಾಕ್ಷಿ. ಸಿಕಂದರಾಬಾದಿನ ಅಮ್ಮುಗುಡ ಪ್ರದೇಶದ ಬಡ ತಮಿಳು ಕುಟುಂಬದಲ್ಲಿ ಹುಟ್ಟಿದ ಈ ಯುವಕನಿಗೆ ಹೈದರಾಬಾದಿನ ಶಿಬಿರಕ್ಕೆ ದಿನವೂ ಬಂದುಹೋಗುವ ಖರ್ಚನ್ನು ಭರಿಸುವ ಶಕ್ತಿಯಿರಲಿಲ್ಲವೆಂದು ತಿಳಿದಾಗ, ಬಾಡಿಗೆ ಸೈಕಲ್ಲಿನ ಹಣವನ್ನು ರಹೀಮ್ ತಾವೇ ಕೊಟ್ಟರೆಂದು ಬಲರಾಮ್ ಮುಂದೆ ಕೃತಜ್ಞತೆಯಿಂದ ಸ್ಮರಿಸಿಕೊಂಡಿದ್ದಾರೆ. ಬಲರಾಮ್ 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿಯೂ 1962ರ ಏಷ್ಯನ್ ಕ್ರೀಡಾಕೂಟದಲ್ಲಿಯೂ ಆಡಿದರೆಂಬುದನ್ನು ನೆನೆದರೆ, ಆ ಸಣ್ಣ ಮೊತ್ತ ಉಳಿಸಿಕೊಟ್ಟದ್ದು ಎಷ್ಟೆಂಬುದು ಅರಿವಾಗುತ್ತದೆ. ಆಯ್ಕೆಯ ಪಟ್ಟಿಯಿಂದ ಹೊರಗುಳಿಯುವವರಲ್ಲಿ ಹಲವರು ಆಟದಲ್ಲಿ ಹಿಂದುಳಿದವರಲ್ಲ, ಪರೀಕ್ಷೆಯ ಅಂಗಳದವರೆಗೆ ತಲುಪಲಾರದವರು ಎಂಬ ಸತ್ಯವನ್ನು ರಹೀಮ್ ಬಲ್ಲವರಾಗಿದ್ದರು.

1956ರ ಮೆಲ್ಬರ್ನ್ ತಂಡದಲ್ಲಿ ಈ ತಯಾರಿಯ ಫಲ ಕಾಣುತ್ತದೆ. ಆ ಕಾಲದ ರೂಢಿಯ ವಿನ್ಯಾಸದಲ್ಲಿ ಮೂವರು ರಕ್ಷಕರು, ಇಬ್ಬರು ಹಾಫ್‌ಬ್ಯಾಕ್‌ಗಳು, ಎಂದರೆ ರಕ್ಷಣೆಗೂ ದಾಳಿಗೂ ನಡುವೆ ಓಡಾಡುವ ಮಧ್ಯಪಡೆಯವರು, ಹಾಗೂ ಐವರು ಮುನ್ನಡೆ ಆಟಗಾರರು ಇರುತ್ತಿದ್ದರು. 1953ರಲ್ಲಿ ಹಂಗೇರಿ ತಂಡ ಲಂಡನ್ನಿನಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದಾಗ, ಅದರ ನಡುಮುನ್ನಡೆಯ ಆಟಗಾರ ಗೋಲಿನ ಬಳಿ ನಿಲ್ಲುವ ಬದಲು ಹಿಂದಕ್ಕೆ ಸರಿದು ಎದುರಾಳಿ ರಕ್ಷಕರನ್ನು ಗೊಂದಲಕ್ಕೆ ಕೆಡವಿದ್ದನ್ನು ಜಗತ್ತು ಕಂಡಿತ್ತು. ರಹೀಮ್ ಈ ಹೊಸ ವಿಚಾರವನ್ನು ಭಾರತದ ಆಟಕ್ಕೆ ಒಗ್ಗಿಸಿದರು. ಹೀಗೆ ಜಾಗ ಬದಲಿಸುತ್ತ ಆಡುವ ವಿನ್ಯಾಸಕ್ಕೆ ಪರಸ್ಪರರ ನಡೆಯನ್ನು ಮೊದಲೇ ಊಹಿಸಬಲ್ಲ ಗುಂಪು ಬೇಕಾಗುತ್ತದೆ. ಅಜೀಜುದ್ದೀನ್, ಲತೀಫ್, ನೂರ್ ಮೊಹಮ್ಮದ್, ಸಲಾಂ, ಜುಲ್ಫಿಕರುದ್ದೀನ್, ಬಲರಾಮ್ ಮುಂತಾದ ಹೈದರಾಬಾದ್ ಮೂಲದವರು ದೊಡ್ಡ ಸಂಖ್ಯೆಯಲ್ಲಿ ಆ ತಂಡದಲ್ಲಿದ್ದುದಕ್ಕೆ ಇದೇ ಕಾರಣ.

ತರಬೇತುದಾರರು ತಮ್ಮ ಊರಿನವರಿಗೆ ಮಣೆ ಹಾಕಿದರೆಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಏಳುತ್ತದೆ ಮತ್ತು ಅದನ್ನು ಗಂಭೀರವಾಗಿ ಪರಿಶೀಲಿಸಬೇಕು. ತಂಡದ ನಾಯಕರಾಗಿದ್ದವರು ಬಂಗಾಳದ ಸಮರ್ ಬ್ಯಾನರ್ಜಿ. ದಾಳಿಯ ಹೊಣೆ ಹೊತ್ತಿದ್ದವರು ಬೊಂಬಾಯಿಯಲ್ಲಿ ಆಡುತ್ತಿದ್ದ ಗೋವಾ ಮೂಲದ ನೆವಿಲ್ ಡಿಸೋಜ, ರೈಲ್ವೆಯ ಪಿ. ಕೆ. ಬ್ಯಾನರ್ಜಿ, ಈಸ್ಟ್ ಬೆಂಗಾಲ್‌ನ ಕಿಟ್ಟು. ಮಧ್ಯಪಡೆಯಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಬೆನ್ನೆಲುಬಿಗೆ ಬಹುಕಾಲ ಒಟ್ಟಿಗೆ ಆಡಿದ ಒಂದೇ ನೆಲದ ಗುಂಪನ್ನು ಇಟ್ಟುಕೊಂಡು, ವಿಶೇಷ ಸಾಮರ್ಥ್ಯ ಬೇಡುವ ಸ್ಥಾನಗಳಿಗೆ ಇಡೀ ದೇಶವನ್ನು ಹುಡುಕಿದ ಈ ಕ್ರಮವನ್ನು ಪಕ್ಷಪಾತವೆನ್ನಲಾಗದು. ಶಿಬಿರಕ್ಕೆ ಕೆಲವೇ ವಾರಗಳು ಸಿಗುವ ರಾಷ್ಟ್ರೀಯ ತಂಡಕ್ಕೆ ಹೊಂದಾಣಿಕೆಯನ್ನು ಬೇರೆಲ್ಲಿಂದಲೋ ಎರವಲು ತರಲೇಬೇಕಾಗುತ್ತದೆ. ರಹೀಮ್ ಅದನ್ನು ಹೈದರಾಬಾದಿನಿಂದ ತಂದರು. ಆ ಋತುವಿನಲ್ಲೂ ಮರುಋತುವಿನಲ್ಲೂ, ಎಂದರೆ 1956-57 ಹಾಗೂ 1957-58ರಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ಗೆದ್ದದ್ದು ಆ ಗುಂಪಿನ ಅರ್ಹತೆಯನ್ನು ಬೇರೆ ದಾರಿಯಿಂದ ಸ್ಥಾಪಿಸಿತು.

ಮೆಲ್ಬರ್ನ್ ಸಾಧನೆಯನ್ನು ಹೊಗಳುವಾಗ ಅಳತೆ ತಪ್ಪಬಾರದು. ಹಂಗೇರಿ ಹಿಂದೆ ಸರಿದಿದ್ದರಿಂದ ಭಾರತ ಮೊದಲ ಸುತ್ತನ್ನು ಆಡದೆಯೇ ದಾಟಿತು. ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು, ನೆವಿಲ್ ಡಿಸೋಜ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಗಳಿಸಿದ ಮೊದಲ ಏಷ್ಯನ್ ಆದರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾದ ಎದುರು ಮೊದಲ ಗೋಲು ಹೊಡೆದೂ 4-1ರಿಂದ ಸೋತಿತು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3-0ರಿಂದ ಮಣಿಯಿತು. ನಾಲ್ಕನೆಯ ಸ್ಥಾನ ಒಂದೇ ಗೆಲುವಿನ ಮೇಲೆ ನಿಂತದ್ದು. ಆದರೂ ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದಿದ್ದ ಎದುರಾಳಿಯ ಮೇಲೆ ಮುನ್ನಡೆ ಸಾಧಿಸುವ ಮಟ್ಟಕ್ಕೆ ತಂಡ ಏರಿತ್ತೆಂಬುದು ಗಮನಾರ್ಹ. ಈ ದೃಷ್ಟಿಯಿಂದ 1960ರ ರೋಮ್ ತಂಡವನ್ನು ಇನ್ನೂ ಎತ್ತರದಲ್ಲಿ ಇರಿಸಬೇಕಾಗುತ್ತದೆ. ಅದು ಗುಂಪು ಹಂತದಲ್ಲೇ ಹೊರಬಿದ್ದರೂ, ಹಂಗೇರಿಗೆ 2-1ರಿಂದ ಮಾತ್ರ ಸೋತು, ಫ್ರಾನ್ಸ್‌ನೊಂದಿಗೆ 1-1ರ ಸಮಬಲ ಸಾಧಿಸಿತ್ತು. ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ ಆ ತಂಡದ ಸದಸ್ಯರಾಗಿದ್ದರೂ ಅವರಿಗೆ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಗಲಿಲ್ಲವೆಂಬ ಸಂಗತಿ, ತಂದೆಯ ನಿಷ್ಪಕ್ಷಪಾತವನ್ನು ಕುರಿತ ಚರ್ಚೆಯಲ್ಲಿ ಮರೆಯಬಾರದ ಪುರಾವೆ.

ರಹೀಮ್ ಅವರ ವಿವೇಕ ಪೂರ್ಣವಾಗಿ ಬೆಳಗಿದ್ದು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ. ಆ ಕಾಲದ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಬದಲಿ ಆಟಗಾರರನ್ನು ಇಳಿಸುವ ಅವಕಾಶ ಸಾಮಾನ್ಯವಾಗಿ ಇರಲಿಲ್ಲವಾದ್ದರಿಂದ, ಹನ್ನೊಂದು ಮಂದಿಯ ಆಯ್ಕೆಯೇ ಅರ್ಧ ಪಂದ್ಯವಾಗಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾಕ್ಕೆ 2-0ರಿಂದ ಸೋತ ಭಾರತ, ಥಾಯ್ಲೆಂಡ್ ವಿರುದ್ಧ ಗೆದ್ದಿತಾದರೂ ರಕ್ಷಣಾ ಸಾಲಿನ ಆಧಾರಸ್ತಂಭವಾದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಗಾಯಗೊಂಡ ರಕ್ಷಕನನ್ನು ಕೂರಿಸುವುದು ಅಥವಾ ಅದೇ ಸ್ಥಾನದಲ್ಲಿ ಆಡಿಸಿ ಅಪಾಯ ಎದುರಿಸುವುದು, ಇವೆರಡೇ ದಾರಿಗಳು ಕಾಣುತ್ತಿದ್ದ ಸಂದರ್ಭದಲ್ಲಿ ರಹೀಮ್ ಮೂರನೆಯದನ್ನು ಕಂಡರು. ಜರ್ನೈಲ್ ಎಳೆಯ ದಿನಗಳಲ್ಲಿ ಮುನ್ನಡೆಯಲ್ಲೂ ಆಡಿದ್ದವರು, ಎತ್ತರದ ಬಲಿಷ್ಠ ಮೈಕಟ್ಟಿನವರು. ಅವರನ್ನು ಸೆಮಿಫೈನಲ್ ಮತ್ತು ಫೈನಲ್‌ಗಳಲ್ಲಿ ನಡುಮುನ್ನಡೆಗೆ ಕಳಿಸಿ, ರಕ್ಷಣೆಯ ಭಾರವನ್ನು ಅರುಣ್ ಘೋಷ್, ಚಂದ್ರಶೇಖರ್ ಮತ್ತು ತ್ರಿಲೋಕ್ ಸಿಂಗ್ ಅವರಿಗೆ ಒಪ್ಪಿಸಿದರು. ದಕ್ಷಿಣ ವಿಯೆಟ್ನಾಂ ಎದುರಿನ 3-2ರ ಗೆಲುವಿನಲ್ಲೂ ಜರ್ನೈಲ್ ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ಗೆ ಗೋಲು ಕಾಯಲು ಪೀಟರ್ ತಂಗರಾಜ್ ಮರಳಿದರು. ಭಾರತೀಯರ ಮೇಲೆ ಸಿಟ್ಟಾಗಿದ್ದ ಕಿಕ್ಕಿರಿದ ಜನಸ್ತೋಮದ ನಡುವೆ ಪಿ. ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಹೊಡೆದ ಗೋಲುಗಳಿಂದ ಭಾರತ, ಮೊದಲ ದಿನ ತನ್ನನ್ನು ಸೋಲಿಸಿದ್ದ ಅದೇ ಕೊರಿಯಾವನ್ನು 2-1ರಿಂದ ಮಣಿಸಿತು. ಈ ನಿರ್ಧಾರವನ್ನು ಧೈರ್ಯವೆಂದಷ್ಟೇ ಬಣ್ಣಿಸಿದರೆ ಅದಕ್ಕೆ ನ್ಯಾಯ ಸಲ್ಲದು. ಆಟಗಾರನ ಇಂದಿನ ಸ್ಥಾನವನ್ನಲ್ಲದೆ ಅವನ ಇಡೀ ಆಟದ ಇತಿಹಾಸವನ್ನು ಅರಿತವರಿಗೆ ಮಾತ್ರ ಇಂತಹ ನಿರ್ಧಾರ ಸಾಧ್ಯ.

ಆದರೆ ಈ ಅರಿವು ಬರಹಕ್ಕಿಳಿದು, ಪಠ್ಯಕ್ರಮವಾಗಿ, ರಾಜ್ಯ ರಾಜ್ಯಗಳ ಸಂಸ್ಥೆಗಳಿಗೆ ಹಂಚಿಕೆಯಾಗಬೇಕಿತ್ತು, ಹಾಗಾಗಲಿಲ್ಲ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಮ್ 1963ರ ಜೂನ್‌ನಲ್ಲಿ ತೀರಿಕೊಂಡಾಗ ಅವರ ಪದ್ಧತಿಗೆ ವಾರಸುದಾರ ಸಂಸ್ಥೆ ಇರಲಿಲ್ಲ. ನಗರದ ಫುಟ್‌ಬಾಲ್ ಬಹುಮಟ್ಟಿಗೆ ಪೊಲೀಸ್ ಇಲಾಖೆಯ ತಂಡವನ್ನೂ ಅದು ಕೊಡುತ್ತಿದ್ದ ನೌಕರಿಯನ್ನೂ ನೆಚ್ಚಿಕೊಂಡಿತ್ತು. ಹಳೆಯ ಬೇಸಾಯದ ಸತ್ವ ಇನ್ನೂ ಕೆಲವು ಕಾಲ ಫಲ ಕೊಟ್ಟಿತು: ಆಂಧ್ರಪ್ರದೇಶ 1965-66ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಹೈದರಾಬಾದಿನ ಸೈಯದ್ ನಯೀಮುದ್ದೀನ್ ನಾಯಕತ್ವದ ಭಾರತ ಕಂಚು ಪಡೆಯಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತಕ್ಕೆ ಆಮೇಲೆ ಪದಕವೇ ದಕ್ಕಿಲ್ಲ.

ಇಂದಿನ ಆಯ್ಕೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಕೊರತೆ ಎಲ್ಲಿದೆಯೆಂಬುದು ತಿಳಿಯುತ್ತದೆ. ಹೈದರಾಬಾದ್ ಎಫ್‌ಸಿ ತಂಡಕ್ಕೆ 2021-22ರ ಇಂಡಿಯನ್ ಸೂಪರ್ ಲೀಗ್ ಕಿರೀಟ ಗೆದ್ದುಕೊಟ್ಟ ಸ್ಪೇನಿನ ಮನೋಲೊ ಮಾರ್ಕೆಜ್ 2024ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೊತ್ತು, ಮೊದಲ ಪಂದ್ಯಗಳನ್ನು ಅದೇ ನಗರದ ಗಚ್ಚಿಬೌಲಿ ಕ್ರೀಡಾಂಗಣದಲ್ಲಿ ಆಡಿಸಿದರು. ಮಾರಿಷಸ್ ಎದುರು ಗೋಲಿಲ್ಲದ ಸಮಬಲ, ಸಿರಿಯಾ ಎದುರು 3-0ರ ಸೋಲು, ನವೆಂಬರ್‌ನಲ್ಲಿ ಮಲೇಷ್ಯಾ ಎದುರು 1-1. ಅವರ ಅವಧಿಯ ಎಂಟು ಪಂದ್ಯಗಳಲ್ಲಿ ಗೆಲುವು ಬಂದದ್ದು ಮಾಲ್ದೀವ್ಸ್ ವಿರುದ್ಧ ಮಾತ್ರ. ಗೋಲು ಹೊಡೆಯುವವರಿಲ್ಲದೆ, ನಿವೃತ್ತರಾಗಿದ್ದ ನಲವತ್ತರ ಸುನಿಲ್ ಛೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ ಮರಳಿ ಕರೆಯಬೇಕಾಯಿತು. ಸಿಕಂದರಾಬಾದಿನಲ್ಲಿ ಹುಟ್ಟಿ ಬೆಂಗಳೂರು ಎಫ್‌ಸಿಯಲ್ಲಿ ಬೆಳಗಿದ ಛೆಟ್ರಿ ಆ ಋತುವಿನ ಲೀಗ್‌ನಲ್ಲಿ ಭಾರತೀಯರೆಲ್ಲರಿಗಿಂತ ಹೆಚ್ಚು ಗೋಲು ಗಳಿಸಿದ್ದರಿಂದ ಕರೆ ಅನ್ಯಾಯವಾದದ್ದೇನಲ್ಲ. ಆದರೆ ಅಂತಹ ಕರೆಯೇ ಅನಿವಾರ್ಯವಾದದ್ದು ಆಯ್ಕೆಗಾರನ ತಪ್ಪಿಗಿಂತ ದೇಶದ ತಯಾರಿಯ ಬಡತನವನ್ನು ಹೇಳುತ್ತದೆ. ಕ್ಲಬ್‌ಗಳು ಮುನ್ನಡೆಯ ಸ್ಥಾನಗಳನ್ನು ವಿದೇಶೀಯರಿಗೆ ಒಪ್ಪಿಸುತ್ತಿರುವಾಗ ರಾಷ್ಟ್ರೀಯ ತರಬೇತುದಾರನಿಗೆ ಆರಿಸಲು ಉಳಿಯುವುದು ಅತ್ಯಲ್ಪ. ಮುಂದೆ ತರಬೇತುದಾರರಾಗಿ ಖಾಲಿದ್ ಜಮೀಲ್ ಬಂದ ಮೇಲೂ, 2025ರ ಅಕ್ಟೋಬರ್ 14ರಂದು ಮಡಗಾಂವಿನಲ್ಲಿ ಸಿಂಗಪುರಕ್ಕೆ 2-1ರಿಂದ ಸೋತ ಭಾರತ 2027ರ ಏಷ್ಯನ್ ಕಪ್ಪಿನ ಅರ್ಹತೆಯನ್ನೇ ಕಳೆದುಕೊಂಡಿತು.

ಆದ್ದರಿಂದ ಮುಂದಿನ ಪಂದ್ಯಾವಳಿಯ ಭವಿಷ್ಯವನ್ನು ಕುರಿತ ಚರ್ಚೆ ಯಾರು ಒಳಗೆ, ಯಾರು ಹೊರಗೆ ಎಂಬಲ್ಲಿಗೇ ನಿಂತರೆ ಉಪಯೋಗವಿಲ್ಲ. ಯಾವ ಬಗೆಯ ಆಟ ಬೇಕೆಂಬುದನ್ನು ಮೊದಲು ನಿರ್ಧರಿಸಿ, ಆ ಆಟಕ್ಕೆ ಬೇಕಾದ ಗುಣಗಳು ಹದಿಹರೆಯದಲ್ಲೇ ಮೈಗೂಡುವಂತೆ ಜಿಲ್ಲಾ ಮಟ್ಟದ ಸ್ಪರ್ಧೆಗಳ ನಿಯಮಗಳನ್ನು ರೂಪಿಸುವುದು, ದೇಶೀಯ ಮುನ್ನಡೆ ಆಟಗಾರರಿಗೆ ಲೀಗ್‌ನಲ್ಲಿ ಆಡುವ ಅವಕಾಶವನ್ನು ಖಚಿತಪಡಿಸುವುದು, ಬಡ ಹುಡುಗರು ಆಯ್ಕೆಯ ಅಂಗಳ ತಲುಪುವಷ್ಟು ಆಸರೆ ಒದಗಿಸುವುದು, ಇವುಗಳಲ್ಲಿ ಹೆಚ್ಚಿನವು ಹೈದರಾಬಾದಿನ ಒಬ್ಬ ಅಧ್ಯಾಪಕ ಬಹಳ ಕಡಿಮೆ ಹಣದಲ್ಲಿ ಮಾಡಿ ತೋರಿಸಿದ ಕೆಲಸಗಳೇ. ರಹೀಮ್ ಅವರನ್ನು ಕೇವಲ ಸ್ಮರಣೆಯ ವಸ್ತುವಾಗಿ ಉಳಿಸಿಕೊಂಡರೆ ಅವರ ಪದ್ಧತಿಯ ಮಿತಿಯನ್ನೇ ಮುಂದುವರಿಸಿದಂತಾಗುತ್ತದೆ. ವ್ಯಕ್ತಿಯೊಬ್ಬರ ವಿವೇಕವಾಗಿದ್ದುದನ್ನು ಒಕ್ಕೂಟಗಳ ದಿನನಿತ್ಯದ ಕರ್ತವ್ಯವನ್ನಾಗಿ ಮಾಡಿದಾಗ ಮಾತ್ರ, ಭಾರತದ ತರಬೇತುದಾರರಿಗೆ ನಿಜವಾಗಿಯೂ ಆರಿಸಲು ಆಟಗಾರರು ಇರುತ್ತಾರೆ.